ಕಮಿಷನ್ ಇಲ್ಲಂದ್ರ ಆಂವ ಹೊಟ್ಟಿಗಿ ಏನ್ ತಿಂತಾನ?

ಬ್ಯಾಂಕಾಕ್‌ನಲ್ಲಿ ವಿಮಾನ ಇಳಿದು ಲಗೇಜ್ ತಗೊಂಡು ಹೊರಗೆ ಬಂದರೆ ಎದುರಿಗೇ ರೊಕ್ಕ ಬದಲಿಸುವ ಕೌಂಟರ್. ಮೇಲೆ ದೊಡ್ಡ ಅಕ್ಷರದಲ್ಲಿ ಕಮಿಷನ್ ಇಲ್ಲ ಎಂದು ಬೋರ್ಡ್. ರಾತ್ರಿಯೆಲ್ಲ ನಿದ್ದೆ ಇಲ್ಲ, ಮಗ ಹಸಿವು ಅಂತಿದ್ದ, ಅವ್ವ ಕಾಲು ನೋವು ಅಂತಿದ್ದಳು. ನಾನು ಸುಮ್ನೆ 300 ಡಾಲರ್ ಕೊಟ್ಟು ಅಲ್ಲಿಯ ರೊಕ್ಕ, ಬಾತ್, ತಗೊಂಡೆ. ಒಂದು ಡಾಲರಿಗೆ 32 ಬಾತ್ ಬಂತು. ಮರುದಿನ ಊರೊಳಗೆ ಬೇರೆ ಅಂಗಡಿಯ ಬೋರ್ಡ್ ನೋಡಿದರೆ 34.

ಅಂದರೆ 600 ಬಾತ್ ಹೋಯಿತು. ನಮ್ಮ ಲೆಕ್ಕದಲ್ಲಿ 1500 ರೂಪಾಯಿ. ಒಂದು ನಿಮಿಷದ ಕೆಲಸಕ್ಕೆ.

ವಾಪಸ್ ಬಂದು ಇದನ್ನ ಅಪ್ಪನಿಗೆ ಹೇಳಿದೆ. ಅಪ್ಪ ಕಲಬುರಗಿಯ ನೆಹರು ಗಂಜ್‌ನಲ್ಲಿ ರೈತರ ಮಾಲು ಕಮಿಷನ್ ಮೇಲೆ ಮಾರಿಕೊಡುವ ಒಂದು ಅಡತ್ ಅಂಗಡಿಯಲ್ಲಿ ಮುನೀಮರಾಗಿದ್ದವರು, ಮೂವತ್ತು ಚಿಲ್ಲರೆ ವರ್ಷ ತೊಗರಿ ಲೆಕ್ಕ ಬರೆದವರು. ನಮ್ಮ ಜೊತೆ ಬಾ ಅಂದರೆ ಬರಲಿಲ್ಲ, ಆದರೆ ಬಂದ ಮೇಲೆ ಖರ್ಚಿನ ವಹಿ ಮಾತ್ರ ಕೇಳಿದರು. ಬೋರ್ಡಿನ ವಿಷಯ ಕೇಳಿ ನಕ್ಕುಬಿಟ್ಟರು. "ಕಮಿಷನ್ ಇಲ್ಲಂದ್ರ ಆಂವ ಹೊಟ್ಟಿಗಿ ಏನ್ ತಿಂತಾನ? ಗಂಜ್‌ನಾಗ ಹಮಾಲಿ, ತೂಕ ಅಂತ ಹೆಸರ್ ಹಚ್ಚಿ ಹಿಡದ್ರ ರೈತಗ ಗೊತ್ತಾಗ್ತದ, ಜಗಳಾ ಮಾಡ್ತಾನ. ರೇಟಿನಾಗೇ ಹಿಡದ್ರ ಗೊತ್ತೇ ಆಗಲ್ಲ."

ಈ ಪೋಸ್ಟ್ ಪೂರ್ತಿ ಇದರ ಮೇಲೇ. ನಾವು 2024ರ ಡಿಸೆಂಬರಿನಲ್ಲಿ ಥಾಯ್ಲೆಂಡ್‌ಗೆ ಹೋಗಿದ್ದೆವು, ಮುಂದಿನ ವರ್ಷ ದುಬೈಯಲ್ಲಿರುವ ತಮ್ಮನ ಮನೆಗೆ. ಮೊದಲನೇ ಸಲ ಎಲ್ಲೆಲ್ಲಿ ರೊಕ್ಕ ಸೋರಿತು, ಎರಡನೇ ಸಲ ಏನು ಸರಿ ಮಾಡಿಕೊಂಡೆವು ಅಂತ ಬರೆಯುತ್ತಿದ್ದೇನೆ. ಟಿಕೆಟ್ ಅಗ್ಗ ಹೇಗೆ ಸಿಗುತ್ತದೆ ಅಂತ ನನ್ನ ಕೇಳಬೇಡಿ, ಅದು ನಮ್ಮ ಮನೆಯವರ ಖಾತೆ.

ಮೊದಲು ಡಾಲರ್ ಎಲ್ಲಿ ತಗೋಬೇಕು ಅನ್ನುವುದು. ನಮ್ಮ ಊರಲ್ಲಿ ಬ್ಯಾಂಕಿಗೆ ಹೋಗಿ ಕೇಳಿದರೆ ನಾಳೆ ಬನ್ನಿ, ಸೋಮವಾರ ಬನ್ನಿ. ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟಿನಲ್ಲಿ ತಗೋಳೋಣ ಬಿಡು ಅಂತ ಬಿಟ್ಟರೆ ಅಲ್ಲಿಯ ರೇಟು ನೋಡಿ ಎದೆ ಒಡೆಯುತ್ತದೆ. ಎರಡನೇ ಸಲ ನಾವು ಎರಡು ವಾರ ಮುಂಚೆಯೇ ಹೈದರಾಬಾದಿನಲ್ಲಿ ಮದುವೆಗೆ ಹೋದಾಗ ಊರೊಳಗೇ ತಗೊಂಡೆವು. ಹೊರಡುವುದಕ್ಕೆ 60 ದಿನ ಮುಂಚೆಯೇ ತಗೋಬಹುದು, ಕೊನೇ ದಿನದವರೆಗೆ ಕಾಯುವ ಕಾರಣವೇ ಇಲ್ಲ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ತೋರಿಸಬೇಕು. 50 ಸಾವಿರಕ್ಕಿಂತ ಜಾಸ್ತಿಯದ್ದನ್ನ ನಗದು ಕೊಟ್ಟು ತಗೋಳಕ್ಕೆ ಆಗಲ್ಲ, ಬ್ಯಾಂಕಿನಿಂದಲೇ ಕಟ್ಟಬೇಕು. ನೋಟಿನ ರೂಪದಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 3000 ಡಾಲರ್, ನಮ್ಮಂಥವರಿಗೆ ಅಷ್ಟು ಎಲ್ಲಿ ಬೇಕು ಬಿಡಿ.

ರೇಟು ಸರಿಯೋ ಇಲ್ಲವೋ ತಿಳಿಯುವುದು ಸುಲಭ. ಗೂಗಲ್‌ನಲ್ಲಿ ಆ ದಿನದ ಡಾಲರ್ ರೇಟು ನೋಡಿ, ಕೌಂಟರಿನವರು ಹೇಳಿದ್ದರಲ್ಲಿ ಅದನ್ನ ಕಳೆಯಿರಿ. ಆ ವ್ಯತ್ಯಾಸವೇ ಅವರ ಕಮಿಷನ್, ಬೋರ್ಡ್ ಮೇಲೆ ಏನೇ ಬರೆದಿರಲಿ. ದುಬೈಗೆ ಹೋಗುವವರಿಗೆ ಇನ್ನೊಂದು ಲೆಕ್ಕ ಇದೆ, ಇದು ಅಪ್ಪನಿಗೆ ಬಹಳ ಇಷ್ಟವಾಯಿತು. ಅಲ್ಲಿಯ ದಿರ್ಹಾಮ್ 1997ರಿಂದ ಡಾಲರಿಗೆ ಕಟ್ಟಿಹಾಕಿದ ಹಾಗೆ ಇದೆ, 1 ಡಾಲರ್ ಅಂದರೆ 3.6725 ದಿರ್ಹಾಮ್, ಬದಲಾಗಲ್ಲ. ಡಾಲರಿಗೆ 84 ರೂಪಾಯಿ ಇದ್ದರೆ ದಿರ್ಹಾಮಿಗೆ 22 ರೂಪಾಯಿ 87 ಪೈಸೆ ಆಗಬೇಕು. ಅಂಗಡಿಯವನು 24 ಅಂದರೆ ನೂರಕ್ಕೆ ಸುಮಾರು ಐದು ರೂಪಾಯಿ ಅವನ ಜೇಬಿಗೆ. ಬಾಯಿಲೆಕ್ಕದಲ್ಲೇ ಸಿಕ್ಕಿಬೀಳುತ್ತಾನೆ.

ನೋಟು ಹೊಸದಾಗಿರಲಿ. ಇದು ನಮಗೆ ಬ್ಯಾಂಕಾಕ್‌ನಲ್ಲಿ ಗೊತ್ತಾಯಿತು. ಅವ್ವ ತನ್ನ ಪಾಲಿನ 100 ಡಾಲರನ್ನ ನಾಲ್ಕು ಮಡಿಕೆ ಮಾಡಿ, ಅಡಿಕೆ ಚೀಲದೊಳಗೆ ಇಟ್ಟುಕೊಂಡಿದ್ದಳು. ಕೌಂಟರಿನ ಹುಡುಗಿ ನೋಟು ಬಿಚ್ಚಿ, ಬೆಳಕಿಗೆ ಹಿಡಿದು, ಸುಣ್ಣದ ಕಲೆ ಮೇಲೆ ಬೆರಳಾಡಿಸಿ, ನಗುತ್ತಾ ವಾಪಸ್ ಕೊಟ್ಟಳು. ಬೇಡ. ಅಷ್ಟೇ. ಅವ್ವನಿಗೆ ಸಿಟ್ಟು ಬಂತು: "ಹರದಿಲ್ಲ ಏನಿಲ್ಲ, ರೊಕ್ಕಾ ರೊಕ್ಕಾ ಅಲ್ಲೇನು?" ಅಲ್ಲಿ ಇನ್ನೊಂದು ಇದೆ. ದೊಡ್ಡ ನೋಟಿಗೆ ಒಂದು ರೇಟು, ಸಣ್ಣ ನೋಟಿಗೆ ಬೇರೆ, ಕಮ್ಮಿ ರೇಟು. ಚಿಲ್ಲರೆ ಇದ್ದರೆ ಅನುಕೂಲ ಅಂತ ನಾನು ಒಯ್ದ 10, 20 ಡಾಲರ್ ನೋಟುಗಳಿಗೆ 100ರ ನೋಟಿನಷ್ಟು ಬೆಲೆ ಸಿಗಲಿಲ್ಲ. ಹಾಗಾಗಿ ಥಾಯ್ಲೆಂಡ್‌ಗಾದರೆ 100ರ ನೋಟು, ಗರಿಗರಿಯಾದದ್ದು, ಮಡಚದೆ ಒಂದು ಲಕೋಟೆಯಲ್ಲಿ. ಬ್ಯಾಂಕಾಕ್‌ನ ಸುವರ್ಣಭೂಮಿ ಏರ್‌ಪೋರ್ಟಿನಲ್ಲೇ ಬದಲಿಸಬೇಕಾದರೆ ಕೆಳಗೆ ರೈಲು ಹತ್ತುವ ಅಂತಸ್ತಿಗೆ ಹೋಗಿ, ಅಲ್ಲಿಯ ಕೌಂಟರುಗಳಲ್ಲಿ ಮೇಲಿನವಕ್ಕಿಂತ ಒಳ್ಳೆ ರೇಟು ಇರುತ್ತದೆ.

ಇನ್ನು ಕಾರ್ಡ್. ಹೆಚ್ಚು ರೊಕ್ಕ ಹೋಗಿದ್ದು ಇಲ್ಲೇ.

ನಮ್ಮ ಕಾರ್ಡನ್ನ ಹೊರದೇಶದಲ್ಲಿ ಉಜ್ಜಿದರೆ ಬ್ಯಾಂಕು ಮಾರ್ಕಪ್ ಅಂತ ಹಿಡಿಯುತ್ತದೆ, ಬಹಳಷ್ಟು ಕಾರ್ಡುಗಳಲ್ಲಿ 2ರಿಂದ 3.5 ಪರ್ಸೆಂಟ್. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 3.5 ಇದ್ದದ್ದು 4.13 ಆಯಿತು. ಹತ್ತು ಸಾವಿರ ಖರ್ಚು ಮಾಡಿದರೆ 413 ರೂಪಾಯಿ ಸುಮ್ನೆ. ಇದಾದರೂ ಸರಿ, ಸ್ಟೇಟ್‌ಮೆಂಟಿನಲ್ಲಿ ಹೆಸರು ಹಚ್ಚಿ ಬರುತ್ತದೆ. ಇನ್ನೊಂದು ಇದೆ, ಅದು ಕಾಣುವುದೇ ಇಲ್ಲ.

ಹೋಟೆಲ್ ಬಿಲ್ 6000 ಬಾತ್. ರಿಸೆಪ್ಶನ್ ಹುಡುಗ ಮಷೀನ್ ನನ್ನ ಕಡೆ ತಿರುಗಿಸಿದ. ಪರದೆ ಮೇಲೆ ಎರಡು ಸಾಲು: ಒಂದರಲ್ಲಿ ಬಾತ್, ಇನ್ನೊಂದರಲ್ಲಿ ರೂಪಾಯಿ. ರೂಪಾಯಿ ನೋಡಿ ನನಗೆ ತವರಿನವರನ್ನ ನೋಡಿದಷ್ಟು ಖುಷಿ, ಎಷ್ಟು ಹೋಗುತ್ತದೆ ಅಂತ ಇಲ್ಲೇ ಗೊತ್ತಾಗುತ್ತದಲ್ಲ ಅಂತ ಅದನ್ನೇ ಒತ್ತಿದೆ. 15,900 ಕಡಿಯಿತು. ಆ ದಿನದ ರೇಟಿಗೆ 6000 ಬಾತ್ ಅಂದರೆ 15 ಸಾವಿರದೊಳಗೇ. ರೂಪಾಯಿ ಒತ್ತಿದರೆ ಬದಲಿಸುವ ರೇಟನ್ನ ಅಲ್ಲಿಯ ಮಷೀನಿನ ಕಂಪನಿಯವರೇ ಇಡುತ್ತಾರೆ, ಅವರಿಗೆ ಬೇಕಾದ ಹಾಗೆ. ಅದರ ಮೇಲೆ ನಮ್ಮ ಬ್ಯಾಂಕು ಬೇರೆ ಒಂದಿಷ್ಟು ಚಾರ್ಜ್ ಹಾಕಬಹುದು. ಯಾವಾಗಲೂ ಆ ದೇಶದ ರೊಕ್ಕವನ್ನೇ ಒತ್ತಿ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲಿ ಇನ್ನೂ ಗೊಂದಲ ಮಾಡುವ ಹಾಗೆ ಕೇಳುತ್ತದೆ, ರೇಟು ಒಪ್ಪಿದ್ದೀರಾ ಅಂತ. ಒಪ್ಪಿಲ್ಲ ಅಂತ ಒತ್ತಿದರೂ ರೊಕ್ಕ ಬರುತ್ತದೆ, ಹೆದರಬೇಡಿ.

ಎಟಿಎಂ ಅಂದ ಕೂಡಲೇ ನೆನಪಾಯಿತು. ಥಾಯ್ಲೆಂಡಿನಲ್ಲಿ ಹೊರಗಿನ ಕಾರ್ಡ್ ಹಾಕಿದರೆ ಪ್ರತಿ ಸಲ 220 ಬಾತ್ ಕಡಿದರು. ನಾನು ಜೇಬಿನಲ್ಲಿ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ಜಾಣತನ ಮಾಡಿ 2000ದಂತೆ ಮೂರು ಸಲ ತೆಗೆದೆ. 660 ಬಾತ್ ಶುಲ್ಕಕ್ಕೇ. ಒಂದೇ ಸಲ 6000 ತೆಗೆದಿದ್ದರೆ 220ಕ್ಕೆ ಮುಗಿಯುತ್ತಿತ್ತು. ಇಲ್ಲಿ ನಮ್ಮ ಬ್ಯಾಂಕು ಹಿಡಿದದ್ದು ಬೇರೆ.

ಎರಡನೇ ಸಲ ಫಾರೆಕ್ಸ್ ಕಾರ್ಡ್ ಮಾಡಿಸಿದೆವು. ಮುಂಚೆಯೇ ದಿರ್ಹಾಮ್ ತುಂಬಿಸಿಟ್ಟುಕೊಂಡರೆ ಅಲ್ಲಿ ಉಜ್ಜುವಾಗ ಮಾರ್ಕಪ್ ಇಲ್ಲ. ಆದರೆ ಇದರಲ್ಲೂ ನೋಡಬೇಕಾದದ್ದು ಇದೆ. ಕಾರ್ಡಿನಲ್ಲಿ ಡಾಲರ್ ಮಾತ್ರ ಇದ್ದು ನೀವು ಬೇರೆ ದೇಶದ ರೊಕ್ಕದಲ್ಲಿ ಖರ್ಚು ಮಾಡಿದರೆ ಮತ್ತೆ ಬದಲಿಸುವ ಶುಲ್ಕ ಬೀಳುತ್ತದೆ. ಎಲ್ಲ ಕಾರ್ಡಿನಲ್ಲೂ ಎಲ್ಲ ದೇಶದ ರೊಕ್ಕ ತುಂಬಿಸಲು ಆಗಲ್ಲ, ಕೇಳಿ ಮಾಡಿಸಿ. ತುಂಬಿಸುವಾಗಿನ ರೇಟಿನಲ್ಲೂ ಹಿಡಿದಿರುತ್ತಾರೆ, ಅದಕ್ಕೂ ಅದೇ ಗೂಗಲ್ ಲೆಕ್ಕ ಹಚ್ಚಿ. ಕಾರ್ಡ್ ಕೊಡುವುದಕ್ಕೆ ಶುಲ್ಕ ಅಂತ ಹೇಳಿದರು, ನಮ್ಮ ಮನೆಯವರು ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಬಿಟ್ಟರು. ಕೇಳೋದಕ್ಕೇನು ಖರ್ಚಿಲ್ಲ, ಅಲ್ವಾ.

ಆದರೂ ಒಂದು ಕ್ರೆಡಿಟ್ ಕಾರ್ಡ್ ಜೊತೆಗಿರಲಿ. ಹೋಟೆಲ್‌ನವರು ಡಿಪಾಸಿಟ್ ಅಂತ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಮ್ಮ ನಿಜವಾದ ರೊಕ್ಕ ಸಿಕ್ಕಿಹಾಕಿಕೊಳ್ಳುತ್ತದೆ, ಬಿಡುಗಡೆಯಾಗಲು ಎಷ್ಟೋ ದಿನ. ಕ್ರೆಡಿಟ್ ಕಾರ್ಡಾದರೆ ಬರೀ ಲಿಮಿಟ್ ತಡೆಯುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಮಾಡಬೇಕಾದ ಎರಡು ಕೆಲಸ. ಬ್ಯಾಂಕಿನ ಆಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ನಾವೇ ಆನ್ ಮಾಡಬೇಕು. ಎರಡನೆಯದು ಸಿಮ್ ರೋಮಿಂಗ್. ನಾನು ಅಲ್ಲಿಯ ಸಿಮ್ ತಗೊಂಡರೆ ಸಾಕು ಅಂದುಕೊಂಡಿದ್ದೆ. ಒಟಿಪಿ ಬರುವುದು ನಮ್ಮ ನಂಬರಿಗಲ್ವಾ! ದೋಣಿ ಟಿಕೆಟ್ ಬುಕ್ ಮಾಡಲು ಕೂತು, ಒಟಿಪಿ ಬರದೆ, ರೋಮಿಂಗ್ ಆನ್ ಆಗದೆ, ಕೊನೆಗೆ ಕಲಬುರಗಿಯಲ್ಲಿರುವ ನಾದಿನಿ ತನ್ನ ಕಾರ್ಡಿನಿಂದ ಬುಕ್ ಮಾಡಿಕೊಟ್ಟಳು. ಡೇಟಾ ಆಫ್ ಇಟ್ಟು ಸಿಮ್ ಅನ್ನು ಜೀವಂತ ಇಟ್ಟುಕೊಳ್ಳಿ, ಬರುವ ಮೆಸೇಜಿಗೆ ಸಾಮಾನ್ಯವಾಗಿ ಚಾರ್ಜ್ ಇರಲ್ಲ. ಫೋನ್ ಎತ್ತಿದರೆ ಮಾತ್ರ ಬಿಲ್ ಏರುತ್ತದೆ. ನಮ್ಮ ದೊಡ್ಡಮ್ಮ ಆರಾಮಿದ್ದೀರೇನು ಅಂತ ಫೋನ್ ಮಾಡಿದ್ದು ನಮಗೆ ಒಂದು ಊಟದ ದುಡ್ಡು.

ಯುಪಿಐ ಹೊರಗೂ ನಡೆಯುತ್ತದಂತೆ ಅಂತ ಎಲ್ಲರೂ ಹೇಳುತ್ತಾರೆ. ಯುಎಇ (ದುಬೈ ಇರುವ ದೇಶ), ಸಿಂಗಪುರ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್‌ನಲ್ಲಿ ಇದೆ, ನಿಜ. ಆದರೆ ಎಲ್ಲ ಅಂಗಡಿಯಲ್ಲಿಲ್ಲ, ಆಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಬೇಕು. ದುಬೈಯಲ್ಲಿ ನಾನು ಎರಡು ಕಡೆ ಮಾತ್ರ ಬಳಸಿದೆ. ಅದನ್ನೇ ನಂಬಿ ಬರಿಗೈಯಲ್ಲಿ ಹೋಗಬೇಡಿ.

ಟಿಸಿಎಸ್, ಅಂದರೆ ಏಜೆಂಟರು ನಮ್ಮಿಂದ ಮುಂಚೆಯೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಅದರ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ಕಡೆ ಇದನ್ನ ಹೋದ ರೊಕ್ಕ ಅಂತಲೇ ತಿಳಿದಿದ್ದಾರೆ. ಥಾಯ್ಲೆಂಡಿಗೆ ನಾವು ಪ್ಯಾಕೇಜ್ ತಗೊಂಡಿದ್ದೆವು. ಆಗ ಪ್ಯಾಕೇಜಿನ ಮೇಲೆ 5 ಪರ್ಸೆಂಟ್ ಟಿಸಿಎಸ್ ಇತ್ತು, 2 ಲಕ್ಷಕ್ಕೆ 10 ಸಾವಿರ. ಈ ರೇಟು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ನೀವು ಬುಕ್ ಮಾಡುವಾಗ ಎಷ್ಟಿದೆ ಕೇಳಿಕೊಳ್ಳಿ. ಇದು ನಮ್ಮ ಪ್ಯಾನ್ ಮೇಲೆ ಜಮಾ ಆಗುವ ರೊಕ್ಕ, ರಿಟರ್ನ್ ಹಾಕಿದಾಗ ನಮ್ಮ ತೆರಿಗೆಗೆ ಸೇರಿಕೊಳ್ಳುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಆದರೆ ಏಜೆಂಟರು ಅದನ್ನ ನಿಜವಾಗಿಯೂ ಕಟ್ಟಿರಬೇಕು. ನಮ್ಮ ಏಜೆಂಟ್ ಬಿಲ್ಲಿನಲ್ಲಿ ಬರೆದು ರೊಕ್ಕ ತಗೊಂಡಿದ್ದರು, ನಮ್ಮ ಪ್ಯಾನ್ ಮೇಲೆ ಜಮಾ ಆದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದರೆ ಏನೂ ಇಲ್ಲ. ಮೂರು ಸಲ ಫೋನ್ ಮಾಡಿದ ಮೇಲೆ ಕಟ್ಟಿದರು. ಇದನ್ನೂ ಹಿಡಿದದ್ದು ಅಪ್ಪನೇ.

ದುಬೈಗೆ ಹೊರಡುವ ಹಿಂದಿನ ದಿನ ನಮ್ಮ ಮನೆಯಲ್ಲಿ ದೊಡ್ಡ ಗದ್ದಲ. ಅವ್ವ ತಮ್ಮನಿಗೆ ಅಂತ ಅಂಟಿನ ಉಂಡಿ ಕಟ್ಟಿದ್ದಳು, ಒಂದು ಡಬ್ಬಿ ಪೂರ್ತಿ. ವಿಡಿಯೋ ಕಾಲ್‌ನಲ್ಲಿ ತಮ್ಮ ನೋಡಿ, "ಅದರಾಗ ಗಸಗಸಿ ಹಾಕೀಯೇನ್ ಅವ್ವಾ?" ಅಂದ. ಹಾಕಿದ್ದಳು. ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ, ಮಾದಕ ವಸ್ತುವಿನ ಸಾಲಿಗೆ ಬರುತ್ತದೆ, ಸಿಕ್ಕಿಬಿದ್ದರೆ ಜೈಲು. ಅಷ್ಟೂ ಉಂಡಿ ಓಣಿಯಲ್ಲಿ ಹಂಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಒಯ್ದೆವು. ಮಸಾಲೆ ಪುಡಿ ಒಯ್ಯುವುದಾದರೂ ಅದರಲ್ಲಿ ಏನೇನಿದೆ ನೋಡಿ. ಅವ್ವನ ಬಿಪಿ ಗುಳಿಗೆಗೆ ಡಾಕ್ಟರ ಚೀಟಿಯೂ ಇಟ್ಟುಕೊಂಡೆವು.

ಅದಕ್ಕೂ ಮೊದಲಿನ ಇನ್ನೊಂದು ತಲೆನೋವು ಪಾಸ್‌ಪೋರ್ಟಿನ ಹೆಸರು. ನಮ್ಮ ಕಡೆ ಹಿರಿಯರ ಆಧಾರ್‌ನಲ್ಲಿ ಒಂದೇ ಹೆಸರು ಇರುತ್ತದೆ, ಅಡ್ಡಹೆಸರಿನ ಜಾಗ ಖಾಲಿ. ಒಂದೇ ಹೆಸರಿನ ಪಾಸ್‌ಪೋರ್ಟಿನವರನ್ನ ಪ್ರವಾಸಿ ವೀಸಾ ಮೇಲೆ ಒಳಗೆ ಬಿಡಲ್ಲ ಅಂತ 2022ರ ನವೆಂಬರಿನಲ್ಲಿ ಯುಎಇ ನಿಯಮ ತಂದಿತು. ಟಿಕೆಟ್ ತಗೊಂಡ ಮೇಲೆ ಇದು ಗೊತ್ತಾದರೆ ಟಿಕೆಟ್ಟಿನ ರೊಕ್ಕ ನೀರುಪಾಲು. ಅವ್ವನಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಅಡ್ಡಹೆಸರು ಸೇರಿಸಿದ್ದೆವು, ಬಚಾವ್.

ಬಂಗಾರದ ಆಸೆ ಇದ್ದವರಿಗೆ: ದುಬೈಯಿಂದ ಇಷ್ಟು ಗ್ರಾಂ ಬಿಟ್ಟಿ ತರಬಹುದು ಅಂತ ನಮ್ಮ ಸರಾಫ್ ಬಜಾರಿನಲ್ಲೂ ಹೇಳುತ್ತಾರೆ. ಆ ವಿನಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ಹೊರಗೆ ಇದ್ದವರಿಗೆ. ಎಂಟು ದಿನ ಸುತ್ತಾಡಲು ಹೋದ ನಮಗಲ್ಲ. ಅವ್ವ ಅಂಗಡಿ ಗಾಜಿಗೆ ಮೂಗು ಹಚ್ಚಿ ಅರ್ಧ ತಾಸು ನಿಂತು, ಏನೂ ತಗೊಳ್ಳದೆ ಬಂದಳು. ಮೈಮೇಲಿನ ಹಳೆಯ ಬಂಗಾರ ಒಯ್ಯುವುದಾದರೆ ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ಬರೆಸಿ ಚೀಟಿ ತಗೊಂಡರೆ ಬರುವಾಗ ಪ್ರಶ್ನೆ ಬರಲ್ಲ.

ನಮ್ಮ ರೂಪಾಯಿ ನೋಟು 25 ಸಾವಿರದವರೆಗೆ ಜೊತೆಗೆ ಒಯ್ಯಬಹುದು. ಒಂದಿಷ್ಟು ಇಟ್ಟುಕೊಳ್ಳಿ. ರಾತ್ರಿ ಎರಡಕ್ಕೆ ಶಂಷಾಬಾದ್‌ನಲ್ಲಿ ಇಳಿದು, ಔಟರ್ ರಿಂಗ್ ರೋಡ್ ಹಿಡಿದು, ಜಹೀರಾಬಾದ್ ಹತ್ತಿರ ಚಹಾ ಕುಡಿದು, ಹುಮನಾಬಾದ್ ದಾಟಿ ಬರುವಾಗ ಡ್ರೈವರ್ ನೆಟ್ ಇಲ್ಲ, ಕ್ಯಾಶ್ ಕೊಡ್ರಿ ಅನ್ನುತ್ತಾನೆ.

ಉಳಿದ ನೋಟುಗಳನ್ನ 180 ದಿನದೊಳಗೆ ಬ್ಯಾಂಕಿಗೆ ಅಥವಾ ಹಣ ಬದಲಿಸುವವರಿಗೆ ವಾಪಸ್ ಮಾರಬೇಕು, 2000 ಡಾಲರ್‌ವರೆಗೆ ಇಟ್ಟುಕೊಂಡರೂ ನಡೆಯುತ್ತದೆ. ನಾಣ್ಯ ಮಾತ್ರ ಯಾರೂ ತಗೊಳ್ಳಲ್ಲ, ಅಲ್ಲೇ ನೀರಿನ ಬಾಟಲಿಗೆ ಖರ್ಚು ಮಾಡಿ ಬನ್ನಿ. ನಮ್ಮವು ಏಳು ದಿರ್ಹಾಮ್ ನಾಣ್ಯ ಉಳಿದಿದ್ದವು. ಅವ್ವ ತೊಳೆದು ದೇವರ ಜಗುಲಿ ಮೇಲೆ ಇಟ್ಟಿದ್ದಾಳೆ. ಅಪ್ಪ ವಹಿಯಲ್ಲಿ ಅದನ್ನೂ ಬರೆದುಕೊಂಡರು: ಜಗುಲಿ ಖಾತೆ, 7 ದಿರ್ಹಾಮ್.