ಎರಡು ದಿನದ ಎಫ್ ಅಂಡ್ ಎಫ್: ಪೇರೋಲ್ ಮೇಜಿನಿಂದ ಒಂದಿಷ್ಟು

ಪೇರೋಲ್ (ಸಂಬಳ ಲೆಕ್ಕದ) ವಿಭಾಗದಲ್ಲಿ ಇರುವವರಿಗೆ 45 ದಿನದ ಎಫ್ ಅಂಡ್ ಎಫ್ (ಫುಲ್ ಅಂಡ್ ಫೈನಲ್, ಅಂದರೆ ಕೆಲಸ ಬಿಟ್ಟವರ ಅಂತಿಮ ಲೆಕ್ಕ ಚುಕ್ತಾ) ರೂಢಿಯಾಗಿಬಿಟ್ಟಿದೆ. ಕೆಲಸ ಬಿಟ್ಟವರ ಹಣವನ್ನು ಹೋಲ್ಡ್‌ನಲ್ಲಿ ಇಡುವುದು, ನೋ ಡ್ಯೂಸ್ (ಏನೂ ಬಾಕಿ ಇಲ್ಲ ಎಂದು ವಿಭಾಗಗಳು ಕೊಡುವ ಪತ್ರ) ಬರುವ ತನಕ ಕಾಯುವುದು, ತಿಂಗಳಿಗೊಮ್ಮೆ ಎಲ್ಲರ ಪಾವತಿಯ ಬ್ಯಾಚ್ ಓಡಿಸುವುದು. 2025ರ ನವೆಂಬರ್ 21ಕ್ಕೆ ವೇತನ ಸಂಹಿತೆ ಜಾರಿಯಾದ ಮೇಲೆ ಇದಕ್ಕೆ ಜಾಗವಿಲ್ಲ. 17ನೇ ಕಲಮಿನ ಪ್ರಕಾರ ವಜಾ ಆಗಲಿ, ರಾಜೀನಾಮೆ ಆಗಲಿ, ಘಟಕ ಮುಚ್ಚಿದ್ದಾಗಲಿ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೈಸೇರಬೇಕು.

1936ರ ಹಳೇ ವೇತನ ಪಾವತಿ ಕಾಯ್ದೆಯಲ್ಲೂ ಎರಡನೇ ದಿನದ ಮಾತಿತ್ತು. ಆದರೆ ಅದು ಮಾಲೀಕರೇ ತೆಗೆದುಹಾಕಿದಾಗ ಮಾತ್ರ, ಅದೂ ತಿಂಗಳಿಗೆ 24,000 ರೂಪಾಯಿ ಮೀರದವರಿಗೆ. ಈಗ ರಾಜೀನಾಮೆಯೂ ಸೇರಿತು, ಸಂಬಳದ ಮಿತಿಯೂ ಹೋಯಿತು. ಮ್ಯಾನೇಜರ್ ಬಿಟ್ಟು ಹೋದರೂ ಅದೇ ಎರಡು ದಿನ.

ಜಾರಿಯಾದ ಹೊಸತರಲ್ಲಿ ಒಂದು ಘಟಕದಲ್ಲಿ ನಡೆದದ್ದು ಇನ್ನೂ ಚುಚ್ಚುತ್ತದೆ. ಹಿರಿಯ ಫಿಟ್ಟರ್ ಒಬ್ಬರ ಎಲ್‌ಡಬ್ಲ್ಯೂಡಿ (ಕೆಲಸದ ಕೊನೆಯ ದಿನ) ಗುರುವಾರ. ಶನಿವಾರವೂ ಕೆಲಸದ ದಿನ, ಅಂದರೆ ಗಡುವು ಶನಿವಾರಕ್ಕೇ. ಅವತ್ತು ಮಧ್ಯಾಹ್ನ ಶೀಟ್ ತೆರೆದರೆ ನೈಟ್ ಶಿಫ್ಟಿನ ಪಂಚ್ (ಹಾಜರಿ ದಾಖಲೆ) ರೆಗ್ಯುಲರೈಸ್ ಆಗದೆ, ಅಂದರೆ ಸರಿಪಡಿಸಿ ಒಪ್ಪಿಗೆಯಾಗದೆ, ಎರಡು ಎಲ್‌ಒಪಿ (ಸಂಬಳ ಕಡಿತದ ಗೈರುಹಾಜರಿ) ಕೂತಿವೆ. ಶಿಫ್ಟ್ ಇನ್‌ಚಾರ್ಜ್ ಫೋನ್ ಎತ್ತುತ್ತಿಲ್ಲ. ಸ್ಟೋರ್ಸ್‌ನವರು ಒಂದು ಟೂಲ್ ಕಿಟ್ ಬಾಕಿ ಎಂದು ನೋ ಡ್ಯೂಸ್ ತಡೆದಿದ್ದಾರೆ. ಸಂಜೆ ಹೊತ್ತಿಗೆ ಅವೆರಡೂ ಬಗೆಹರಿದು ಮೇಕರ್ (ಪಾವತಿ ಫೈಲ್ ತಯಾರಿಸುವವರು) ಬ್ಯಾಂಕಿಗೆ ಫೈಲ್ ಏರಿಸಿದರೆ, ಅದನ್ನು ಒಪ್ಪಬೇಕಾದ ಚೆಕರ್ ಊರಲ್ಲಿಲ್ಲ, ಒಪ್ಪಿಗೆಗೆ ಬೇಕಾದ ಟೋಕನ್ ಅವರ ಡ್ರಾಯರ್‌ನಲ್ಲಿದೆ. ಹಣ ಸೋಮವಾರ ಹೋಯಿತು. ಬದಲಿ ಚೆಕರ್ ಕೊಡಿ ಎಂದು ಮ್ಯಾನೇಜ್‌ಮೆಂಟ್‌ಗೆ ಎಷ್ಟು ಸಲ ಬರೆಯಬೇಕು?

ಇಲ್ಲಿ ಕಾಯ್ದೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಎಲ್‌ಡಬ್ಲ್ಯೂಡಿ ಬಂದ ಮೇಲೆ ಕೆಲಸ ಶುರುಮಾಡಿದ್ದೇ ಎಡವಟ್ಟು. ನೋಟಿಸ್ ಅವಧಿ ಇರುವುದೇ ಇದಕ್ಕೆ. ಹಾಜರಿ, ಸಾಲದ ಬಾಕಿ, ಟಿಡಿಎಸ್ (ಸಂಬಳದಲ್ಲಿ ಹಿಡಿಯುವ ಆದಾಯ ತೆರಿಗೆ) ಪ್ರೂಫ್ ಎಲ್ಲ ಒಂದು ವಾರ ಮೊದಲೇ ಮುಗಿಯಬೇಕು. ನೋ ಡ್ಯೂಸ್ ಹಿಂದಿನ ದಿನಕ್ಕೆ ಬರಬೇಕು. ಕೊನೆಯ ದಿನ ಸಂಜೆಗೆ ಉಳಿಯಬೇಕಾದ್ದು ಅಂದಿನ ಒಂದು ಪಂಚ್ ಮಾತ್ರ. ರಜೆ ಹಣವನ್ನೂ ಜೊತೆಗೇ ಕೊಟ್ಟುಬಿಡುವುದು ಕ್ಷೇಮ.

ಟೂಲ್ ಕಿಟ್ ವಿಷಯ. ಕಿಟ್ ಬಂದಿಲ್ಲ ಎಂದು ಇಡೀ ಸಂಬಳ ಹಿಡಿದಿಡುವಂತಿಲ್ಲ. ನಷ್ಟಕ್ಕೆ ಕಡಿತ ಮಾಡುವುದಿದ್ದರೆ ನಷ್ಟದ ಮೊತ್ತ ಮೀರಬಾರದು, ಮೊದಲು ನೌಕರರ ವಿವರಣೆ ಕೇಳಬೇಕು, ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದು. ವಿವರಣೆ ಕೇಳಿದ ಪತ್ರ ಫೈಲಿನಲ್ಲಿ ಇಲ್ಲದಿದ್ದರೆ ಆ ಕಡಿತ ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಗುಂಡಿ ‘ವೇತನ’ದ ಲೆಕ್ಕದಲ್ಲಿದೆ. ಬಹಳ ಕಡೆ ಸಿಟಿಸಿಯನ್ನು (ನೌಕರರಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎರಡು ಭಾಗ ಮಾಡಿ ‘50% ಆಯಿತು’ ಎಂದು ಮುಗಿಸುತ್ತಾರೆ. ಅದು ತಪ್ಪು. ತಿಂಗಳಿಗೆ 50,000 ಎಂದುಕೊಳ್ಳಿ: ಬೇಸಿಕ್ 18,000, ಸ್ಪೆಷಲ್ ಅಲೋಯನ್ಸ್ 17,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 11,000, ಕನ್ವೇಯನ್ಸ್ (ಪ್ರಯಾಣ ಭತ್ಯೆ) 4,000. ‘ವೇತನ’ದಿಂದ ಹೊರಗಿಡಬಹುದಾದವುಗಳ ಸಂಹಿತೆಯ ಪಟ್ಟಿಯಲ್ಲಿ ಎಚ್‌ಆರ್‌ಎ, ಕನ್ವೇಯನ್ಸ್, ಓಟಿ (ಓವರ್‌ಟೈಮ್), ಕಮಿಷನ್, ಪಿಎಫ್‌ನ ಮಾಲೀಕರ ಪಾಲು ಇವೆ. ಸ್ಪೆಷಲ್ ಅಲೋಯನ್ಸ್ ಹೆಸರೇ ಇಲ್ಲ. ಹಾಗಾಗಿ ವೇತನ 25,000 ಅಲ್ಲ, 35,000. ಮಾಲೀಕರ ಪಿಎಫ್ 1,800 ಸೇರಿಸಿ ನೋಡಿದರೂ ಹೊರಗಿಟ್ಟದ್ದು 51,800ರಲ್ಲಿ 16,800, ಅರ್ಧ ದಾಟುವುದಿಲ್ಲ. ದಾಟಿದ್ದರೆ ಹೆಚ್ಚಾದಷ್ಟನ್ನು ಮಾತ್ರ ವೇತನಕ್ಕೆ ಸೇರಿಸಬೇಕಿತ್ತು. 50% ನಿಯಮದ ಕೆಲಸ ಅಷ್ಟೇ.

ಹತ್ತು ವರ್ಷ ದುಡಿದವರ ಗ್ರಾಚ್ಯುಟಿಯಲ್ಲಿ ಇದರ ವ್ಯತ್ಯಾಸ ನೋಡಿ. 15/26ರ ಸೂತ್ರದಲ್ಲಿ (ತಿಂಗಳ ವೇತನ × 15/26 × ಸೇವೆಯ ವರ್ಷ) 35,000ಕ್ಕೆ 2,01,923 ರೂಪಾಯಿ. 25,000 ಹಿಡಿದರೆ 1,44,231. ಹಳೇ ಪದ್ಧತಿಯಂತೆ ಬೇಸಿಕ್ ಮೇಲೆ ಹಾಕಿದರೆ 1,03,846, ಸರಿಸುಮಾರು ಅರ್ಧ. ಇದು ಒಬ್ಬ ಕಾರ್ಮಿಕನ ಹತ್ತು ವರ್ಷದ ದುಡಿಮೆಯ ಹಣ. ಫಿಕ್ಸೆಡ್ ಟರ್ಮ್‌ನವರಿಗೆ (ನಿಗದಿತ ಅವಧಿಯ ಕರಾರಿನ ನೌಕರರಿಗೆ) ಈಗ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಹಕ್ಕು ಬರುತ್ತದೆ. ಕಾಂಟ್ರ್ಯಾಕ್ಟ್ ಮುಗಿದ ದಿನ ಸಾಫ್ಟ್‌ವೇರ್ ‘ಐದು ವರ್ಷ ಆಗಿಲ್ಲ’ ಎಂದು ಸೊನ್ನೆ ತೋರಿಸಿದರೆ ನಂಬಬೇಡಿ, ಸೆಟ್ಟಿಂಗ್ ಬದಲಾಗಿಲ್ಲ ಎಂದೇ ಅರ್ಥ.

ಕಡಿಮೆ ಕೊಟ್ಟರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನೌಕರರು ಮೂರು ವರ್ಷದೊಳಗೆ ಕ್ಲೇಮ್ ಹಾಕಬಹುದು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರಕ್ಕೆ ಅವಕಾಶವಿದೆ. ಕೊಟ್ಟಿದ್ದೇವೆ ಎಂದು ತೋರಿಸುವ ಹೊಣೆ ಮಾಲೀಕರದ್ದೇ.

ಗ್ರಾಚ್ಯುಟಿಗೆ ಮಾತ್ರ 30 ದಿನದ ಗಡುವು ಬೇರೆ ಇದೆ. ಎಫ್ ಅಂಡ್ ಎಫ್ ಶೀಟಿನಲ್ಲಿ ವೇತನಕ್ಕೊಂದು ಸಾಲು, ಗ್ರಾಚ್ಯುಟಿಗೊಂದು ಸಾಲು, ಎರಡಕ್ಕೂ ಬೇರೆ ಬೇರೆ ಪಾವತಿ ದಿನಾಂಕ ಇಡಿ. ಒಂದೇ ಮೊತ್ತವಾಗಿ ಕಟ್ಟಿದರೆ ಗ್ರಾಚ್ಯುಟಿ ಅಪ್ರೂವಲ್‌ಗೆ ಕಾಯುತ್ತಾ ವೇತನವೂ ನಿಲ್ಲುತ್ತದೆ.