ಆಲ್ವರ್ಡ್ ಬಯಲಿನಲ್ಲಿ ಡೇರೆ: ಮೂರನೆಯ ಪ್ರಯತ್ನ

ಅಮೆರಿಕದ ಒರೆಗಾನ್ ರಾಜ್ಯದ ಆಗ್ನೇಯ ಭಾಗದ ಆಲ್ವರ್ಡ್ ಮರುಭೂಮಿಯಲ್ಲಿ, ನಲ್ಲಿ, ಶೌಚಾಲಯ, ಕಸದ ತೊಟ್ಟಿ ಯಾವುದೂ ಇಲ್ಲದ ಬಯಲಿನಲ್ಲಿ, ನಾಲ್ಕು ರಾತ್ರಿ ಡೇರೆ ಹಾಕಿ ಉಳಿಯಬೇಕೆಂಬುದು ನನ್ನ ಗುರಿ. ಏಪ್ರಿಲ್‌ನ ಈ ಮೂರನೆಯ ಪ್ರಯತ್ನದಲ್ಲಿ ಮೂರು ರಾತ್ರಿ ಕಳೆದೆವು. ಸರ್ಕಾರಿ ಜಮೀನಿನಲ್ಲಿ ಒಂದೆಡೆ 14 ದಿನ ತಂಗಲು ಅವಕಾಶವಿದೆಯಾದ್ದರಿಂದ ಅಡ್ಡಿಯಾದದ್ದು ನಿಯಮವಲ್ಲ, ನಾವು ಒಯ್ದಿದ್ದ ನೀರಿನ ಲೆಕ್ಕ.

ಪಶ್ಚಿಮಕ್ಕೆ 2,967 ಮೀಟರ್ ಎತ್ತರದ ಸ್ಟೀನ್ಸ್ ಪರ್ವತ ಮಳೆಮೋಡಗಳನ್ನು ತಡೆಯುವುದರಿಂದ, ಸುಮಾರು 1,220 ಮೀಟರ್ ಎತ್ತರದಲ್ಲಿರುವ ಈ ಬಯಲಿಗೆ ವರ್ಷಕ್ಕೆ 180 ಮಿಲಿಮೀಟರ್‌ನಷ್ಟೇ ಮಳೆ. ಆದರೂ ವಸಂತದಲ್ಲಿ ಮಳೆಯ ಮತ್ತು ಕರಗಿದ ಹಿಮದ ನೀರು ಬಂದು ನಿಂತಾಗ ಗೇಣುದ್ದವೂ ಆಳವಿಲ್ಲದ ಕೆರೆಯೊಂದು ಹರಡಿಕೊಳ್ಳುತ್ತದೆ. ಈ ಕೆರೆಗೆ ತೂಬೂ ಇಲ್ಲ, ಕೋಡಿಯೂ ಇಲ್ಲ. ಬಂದ ನೀರು ಆವಿಯಾಗಿಯೇ ಹೋಗಬೇಕು, ಹೋಗುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ.

ಹಿಂದಿನ ಸಲ, ನಮ್ಮೂರಿನ ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿದ್ದ ಮೇಲ್ಪದರವನ್ನು ನಂಬಿ ಕಾರನ್ನು ಒಳಗೆ ಇಳಿಸಿದ್ದೆ. ಎರಡಂಗುಲದ ಕೆಳಗೆ ಬೆಣ್ಣೆಯಂಥ ಚೌಳು ಮಣ್ಣಿತ್ತು. ಚಕ್ರಗಳನ್ನು ಅಗೆದು ತೆಗೆಯುವುದರಲ್ಲಿ ಅರ್ಧ ದಿನ ಹೋಯಿತು. ಈ ಬಾರಿ ಕಾರು ಜಲ್ಲಿನೆಲದ ಮೇಲೆಯೇ ಉಳಿಯಿತು, ಡೇರೆಯೂ ಅದರ ಪಕ್ಕದಲ್ಲೇ ನಿಂತಿತು.

ಮೊದಲ ಸಂಜೆ ಗುರುತಿಗೆಂದು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟಿದ್ದೆ. ರಾತ್ರಿ ಗಾಳಿ ದಿಕ್ಕು ಬದಲಿಸಿ ನಮ್ಮ ಕಡೆ ಬೀಸತೊಡಗಿತು. ಬೆಳಗ್ಗೆ ಎದ್ದು ನೋಡಿದರೆ, ಒಂದು ಹನಿ ಮಳೆಯಾಗದಿದ್ದರೂ, ನೀರು ಆ ಕಡ್ಡಿಯನ್ನು ದಾಟಿ ನಲವತ್ತು ಹೆಜ್ಜೆ ಈಚೆಗೆ ಬಂದು ನಿಂತಿತ್ತು. ಇಷ್ಟು ತೆಳುವಾದ ನೀರನ್ನು ಗಾಳಿ ಚಾಪೆಯಂತೆ ಎಳೆದೊಯ್ಯುತ್ತದೆ. ಆದ್ದರಿಂದ ಸಂಜೆ ಕಂಡ ದಡವನ್ನು ದಡವೆಂದು ಭಾವಿಸುವುದನ್ನು ಬಿಟ್ಟಿದ್ದೇನೆ.

ಡೇರೆಯ ಜೊತೆ ಬಂದಿದ್ದ ತೆಳು ಗೂಟಗಳು ಜಲ್ಲಿಯಲ್ಲಿ ಬಾಗಿದ್ದರಿಂದ ಹತ್ತಂಗುಲದ ಉಕ್ಕಿನ ಮೊಳೆಗಳನ್ನು ಬಡಿದೆ, ಅವು ಅಲುಗಲಿಲ್ಲ. ಲೆಕ್ಕ ತಪ್ಪಿದ್ದು ನೀರಿನಲ್ಲಿ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯಲು ಸಾಕಾಯಿತಾದರೂ ಅನ್ನ-ಸಾರಿನ ಪಾತ್ರೆಗಳನ್ನು ತೊಳೆಯಲು ಸಾಲಲಿಲ್ಲ. ನಾಲ್ಕನೆಯ ರಾತ್ರಿ ತಪ್ಪಿದ್ದು ಇದರಿಂದಲೇ. (ಸಾರನ್ನು ಬಿಡುವ ಸಲಹೆ ಮನೆಯಲ್ಲಿ ತಿರಸ್ಕೃತವಾಗಿದೆ.) ಮುಂದಿನ ಸಲ ಆರು ಲೀಟರ್.

ಕೆರೆ ಪೂರ್ತಿ ಒಣಗಿರುವ ಅಕ್ಟೋಬರ್‌ನಲ್ಲಿ ಮತ್ತೆ ಹೋಗುವ ಯೋಚನೆಯಿದೆ. ಸದ್ಯಕ್ಕೆ ಡೇರೆಯ ಜಿಪ್ಪಿನೊಳಗೆ ಹೊಕ್ಕ ಚೌಳು ಧೂಳನ್ನು ವಿನೆಗರ್ ಬೆರೆಸಿದ ನೀರಿನಿಂದ ಒರೆಸುತ್ತಿದ್ದೇನೆ; ಎರಡು ಜಿಪ್ಪು ಸರಾಗವಾಗಿವೆ, ಮೂರನೆಯದು ಇನ್ನೂ ಹಟ ಮಾಡುತ್ತಿದೆ.