ಮುಚ್ಚುವಾಗ ಮಾತ್ರ ಟಪ್: ಡೀಟೇಲ್ಸ್ ಜೊತೆ ಮೂರು ರಾತ್ರಿ

ಸರಿಹೋಯ್ತು! ವೆಬ್ ಪುಟದಲ್ಲಿ ಒತ್ತಿದರೆ ತೆರೆದು ಮುಚ್ಚುವ ಪೆಟ್ಟಿಗೆ ಕೊನೆಗೂ ಮೆಲ್ಲಗೆ ಮುಚ್ಚುತ್ತಿದೆ. ಮೂರು ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಕೊನೆಗೆ ಸೇರಿಸಿದ್ದು ಅರ್ಧ ಸಾಲು.

ಡೀಟೇಲ್ಸ್ (ಆ ಪೆಟ್ಟಿಗೆ), ಸಮ್ಮರಿ (ಒತ್ತುವ ಅದರ ತಲೆಬರಹ) ಟ್ಯಾಗ್ ಹಾಕೋದು, ಬಾರ್ಡರ್, ಬಣ್ಣ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ನನ್ನ ಟಿಪ್ಪಣಿ ಪುಟದಲ್ಲಿ 14 ವಿಭಾಗಗಳಿವೆ. ಒತ್ತಿದರೆ ಮೆಲ್ಲಗೆ ತೆರೆಯಬೇಕು, ಮತ್ತೆ ಒತ್ತಿದರೆ ಅಷ್ಟೇ ಮೆಲ್ಲಗೆ ಮುಚ್ಚಬೇಕು. ಆಸೆ ಇಷ್ಟೇ.

ಮೊದಲು ಇದ್ದದ್ದು ದುಡ್ಡು ಕೊಟ್ಟು ತಂದ ಥೀಮ್. ಅದರಲ್ಲಿ ಬಟನ್ ಮತ್ತು ಡಿವ್ (ಬರೀ ಪೆಟ್ಟಿಗೆ), ಮ್ಯಾಕ್ಸ್-ಹೈಟ್, ಅಂದರೆ ಎತ್ತರದ ಮಿತಿ, ಅರ್ಧ ಸೆಕೆಂಡಿನಲ್ಲಿ 0 ಪಿಕ್ಸೆಲ್‌ನಿಂದ 1000ಕ್ಕೆ. ನನ್ನ ವಿಭಾಗದ ಎತ್ತರವೋ ಬರೀ 180. ಮುಚ್ಚಲು ಒತ್ತಿದರೆ ಲೆಕ್ಕ 1000ದಿಂದ ಶುರುವಾಗುತ್ತದೆ, 180ಕ್ಕೆ ಇಳಿಯುವ ತನಕ ಕಣ್ಣಿಗೆ ಏನೂ ಕಾಣೋದಿಲ್ಲ. ವೇಗ ಒಂದೇ ಸಮ ಇಟ್ಟರೆ 0.41 ಸೆಕೆಂಡು ಸುಮ್ನೆ ಕಾಯೋದು, ಉಳಿದ 0.09ರಲ್ಲಿ ದಡಕ್ಕನೆ ಮುಚ್ಚೋದು. ಕ್ಲಿಕ್ ಆಗಲಿಲ್ಲವೇನೋ ಅಂತ ಇನ್ನೊಮ್ಮೆ ಒತ್ತಿದರೆ ಮತ್ತೆ ತೆರೆದುಕೊಳ್ಳುತ್ತದೆ. ಮಾರಿದವರಿಗೆ ಬರೆದೆ. ‘ಕ್ಯಾಶ್ ಕ್ಲಿಯರ್ ಮಾಡಿ ನೋಡಿ’ ಅಂತ ಉತ್ತರ ಬಂತು. ಈ ಲೆಕ್ಕಕ್ಕೂ ಕ್ಯಾಶ್‌ಗೂ (ಬ್ರೌಸರ್ ಉಳಿಸಿಕೊಂಡ ಹಳೆ ಪ್ರತಿಗೂ) ಏನ್ರೀ ಸಂಬಂಧ? ಸಾಲದ್ದಕ್ಕೆ ಸಿಕ್ಕ ಸಿಕ್ಕ ಕಡೆ ಇಂಪಾರ್ಟೆಂಟ್ (ನಾನು ಬರೆದ ಸ್ಟೈಲ್‌ಗೆ ಜಗ್ಗದಂತೆ ಮಾಡೋ ಪದ) ಜಡಿದಿದ್ದರು.

ಆಮೇಲೆ ಗ್ರಿಡ್ ಉಪಾಯ ಹಿಡಿದೆ, ಸಾಲಿನ ಎತ್ತರವನ್ನು ಸೊನ್ನೆ ಎಫ್‌ಆರ್‌ನಿಂದ (ಎಫ್‌ಆರ್ ಅಂದರೆ ಜಾಗದ ಪಾಲು) ಒಂದು ಎಫ್‌ಆರ್‌ಗೆ ಒಯ್ಯೋದು. ಚೆನ್ನಾಗೇ ಇತ್ತು. ಮುಚ್ಚಿದ ಮೇಲೂ 24 ಪಿಕ್ಸೆಲ್ ಸೀಳು ಉಳಿಯುತ್ತಿತ್ತು, ಅದು ಒಳಗಿನ ಡಿವ್‌ನ ಮೇಲೆ ಕೆಳಗಿನ ಪ್ಯಾಡಿಂಗ್, ಅಂಚಿನೊಳಗಿನ ಖಾಲಿ ಜಾಗ. ಇನ್ನೊಂದು ಡಿವ್ ಒಳಗೆ ತಳ್ಳಿದ್ದಕ್ಕೆ ಹೋಯಿತು. ಆದರೆ ಟ್ಯಾಬ್ ಕೀ ಒತ್ತುತ್ತಾ ಹೋದರೆ ಫೋಕಸ್ ಮುಚ್ಚಿದ ವಿಭಾಗದ ಲಿಂಕುಗಳಿಗೆ ಹೋಗಿ ಮಾಯವಾಗುತ್ತಿತ್ತು. ಅದಕ್ಕೊಂದು ತೇಪೆ, ತೇಪೆಗೊಂದು ತೇಪೆ. ಸಾಕಾಗಿ ಡೀಟೇಲ್ಸ್‌ಗೇ ವಾಪಸ್ ಬಂದೆ.

ಕ್ರೋಮ್ 129ರಲ್ಲಿ ಇಂಟರ್ಪೊಲೇಟ್-ಸೈಜ್ ಬಂತು (ಆಟೋ ಅನ್ನೋ ಅಳತೆಗೂ ಮೆಲ್ಲಗೆ ಹೋಗಲು ಬಿಡುತ್ತದೆ), 131ರಲ್ಲಿ ಡೀಟೇಲ್ಸ್-ಕಂಟೆಂಟ್ ಅನ್ನೋ ಸೂಡೋ ಎಲಿಮೆಂಟ್, ಪೆಟ್ಟಿಗೆಯ ಒಳಭಾಗಕ್ಕೆ ಸ್ಟೈಲ್ ಕೊಡೋಕೆ. ರೂಟ್‌ಗೆ ಅಲೋ-ಕೀವರ್ಡ್ಸ್ ಕೊಟ್ಟೆ, ಮುಚ್ಚಿದ್ದಾಗ ಬ್ಲಾಕ್-ಸೈಜ್ (ಎತ್ತರ) 0, ತೆರೆದಾಗ ಆಟೋ (ಒಳಗಿರೋದಕ್ಕೆ ಬೇಕಾದಷ್ಟು), ನಡುವೆ 300 ಮಿಲಿಸೆಕೆಂಡ್ ಟ್ರಾನ್ಸಿಷನ್ (ಮೆಲ್ಲಗೆ ಬದಲಾಗೋದು), ಹೊರಚೆಲ್ಲಿದ್ದನ್ನು ಕತ್ತರಿಸೋಕೆ ಓವರ್‌ಫ್ಲೋ ಕ್ಲಿಪ್. ತೆರೆಯೋದು ಬೆಣ್ಣೆ ಹಾಗೆ. ಮುಚ್ಚೋದು? ಟಪ್.

ಟೈಮಿಂಗ್ ಬದಲಿಸಿದೆ, ಟಪ್. 3 ಸೆಕೆಂಡ್ ಮಾಡಿದೆ, ಆಗಲೂ ಟಪ್. ಬ್ರೌಸರಿನೊಳಗಿನ ಪರೀಕ್ಷಾ ಸಾಧನ ಡೆವ್‌ಟೂಲ್ಸ್‌ನ ಅನಿಮೇಷನ್ಸ್ ಫಲಕ ತೆಗೆದು ವೇಗವನ್ನು ಶೇ. 10ಕ್ಕೆ ಇಳಿಸಿ ನೋಡಿದೆ. ವಿಚಿತ್ರ ಅಂದರೆ, ಅಲ್ಲಿ ಬ್ಲಾಕ್-ಸೈಜ್ ಪಟ್ಟಿ ಮೆಲ್ಲಗೆ ಓಡುತ್ತಲೇ ಇದೆ, ಪುಟದಲ್ಲಿ ಮಾತ್ರ ಪೆಟ್ಟಿಗೆ ಆಗಲೇ ಮುಚ್ಚಿ ಕೂತಿದೆ! ಅನಿಮೇಷನ್ ನಡೀತಿದೆ, ನೋಡೋಕೆ ಏನೂ ಇಲ್ಲ.

ಮೂರನೇ ರಾತ್ರಿ ತಲೆಗೆ ಹೊಳೆಯಿತು. ಮುಚ್ಚಿದ ಕ್ಷಣವೇ ಬ್ರೌಸರ್ ಒಳಗಿನದಕ್ಕೆ ಕಂಟೆಂಟ್-ವಿಸಿಬಿಲಿಟಿ ಹಿಡನ್, ಅಂದರೆ ತೋರಿಸಬೇಡ ಅಂತ, ಹಾಕಿಬಿಡುತ್ತದೆ. ಆಮೇಲೆ ಎತ್ತರ ಅಳೆಯುವಾಗ ಒಳಗಿರೋದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ, ಆಟೋ ಅಂದರೆ ಸೊನ್ನೆ. ಟ್ರಾನ್ಸಿಷನ್ ಪಾಪ ಆ ಸೊನ್ನೆಯಲ್ಲೇ ಶೇ. 90, ಶೇ. 80 ಅಂತ ಪಾಲು ತೆಗೆಯುತ್ತಾ ಕೂತಿತ್ತು. ಟ್ರಾನ್ಸಿಷನ್ ಸಾಲಿನ ಕೊನೆಗೆ ಕಂಟೆಂಟ್-ವಿಸಿಬಿಲಿಟಿ, ಅದೇ 300 ಮಿಲಿಸೆಕೆಂಡ್, ಅಲೋ-ಡಿಸ್ಕ್ರೀಟ್ ಅಂತ ಸೇರಿಸಿದೆ, ಅಂದರೆ ಆ ಹೊತ್ತು ಮುಗಿದ ಮೇಲೆ ಹಿಡನ್ ಆಗು ಅಂತ. ಮೆಲ್ಲಗೆ ಮುಚ್ಚಿತು. ಸುಮ್ನೆ ಇಪ್ಪತ್ತು ಸಲ ತೆರೆದು ಮುಚ್ಚಿದೆ, ಕೆಲಸ ಏನೂ ಇರಲಿಲ್ಲ. ಉದಾಹರಣೆಗಳಲ್ಲಿ ಆ ಪದ ಮೊದಲಿಂದಲೂ ಇತ್ತು, ನಾನೇ ‘ಇದು ಯಾಕೆ’ ಅಂತ ಅಳಿಸಿದ್ದೆ! ಇಂಟರ್ಪೊಲೇಟ್-ಸೈಜ್ ಗೊತ್ತಿಲ್ಲದ ಬ್ರೌಸರ್‌ನಲ್ಲಿ ಟಪ್ ಅಂತಲೇ ತೆರೆದು ಮುಚ್ಚುತ್ತದೆ, ಓದೋದಕ್ಕೆ ತೊಂದರೆ ಇಲ್ಲ.

ಅಂದ ಹಾಗೆ ಎಲ್ಲ ಮುಚ್ಚಿರುವಾಗ ಈ ಪುಟವನ್ನು ಪ್ರಿಂಟ್ ಹಾಕಿದರೆ 14 ತಲೆಬರಹ ಬಿಟ್ಟು ಬೇರೇನೂ ಬರೋದಿಲ್ಲ. ಮುಂದಿನ ಕೆಲಸ ಅದೇ. ಬಿಫೋರ್‌ಪ್ರಿಂಟ್‌ನಲ್ಲಿ ಎಲ್ಲ ತೆರೆದು, ಆಫ್ಟರ್‌ಪ್ರಿಂಟ್‌ನಲ್ಲಿ ಮೊದಲು ಯಾವುದು ತೆರೆದಿತ್ತೋ ಅದನ್ನು ಮಾತ್ರ ಬಿಟ್ಟು ಉಳಿದದ್ದು ಮುಚ್ಚಬೇಕು. ಪುಟಕ್ಕೆ ಅಂಚು, ಪುಟ ಸಂಖ್ಯೆ... ಅಲ್ಲಿಗೆ ಹೋದರೆ ಇನ್ನೂ ಮೂರು ರಾತ್ರಿ ಖಂಡಿತ.

ಅದಕ್ಕೆ ಮುಂಚೆ ಬಾಣ. ಸಮ್ಮರಿಗೆ ಫ್ಲೆಕ್ಸ್ (ಸಾಲಾಗಿ ಜೋಡಿಸುವ ಸ್ಟೈಲ್) ಹಾಕಿದ್ದಕ್ಕೆ ಬ್ರೌಸರಿನ ತ್ರಿಕೋನ ಮಾಯವಾಯಿತು, ಬದಲಿಗೆ ಒಂದು ಐಕಾನ್ ಪ್ಯಾಕ್‌ನಿಂದ ಬಾಣ ತಂದೆ. 90 ಡಿಗ್ರಿ ತಿರುಗಿಸಿದರೆ ಒಂಚೂರು ಕುಪ್ಪಳಿಸುತ್ತದೆ. ಫೈಲ್ ತೆಗೆದು ನೋಡಿದರೆ 24ರ ಚೌಕದಲ್ಲಿ ಬಾಣವನ್ನು ನಡುವಿನ 12ರ ಬದಲು 14ರಲ್ಲಿ ಬರೆದಿದ್ದಾರೆ. ಬರೆದು ಕೇಳಿದೆ. ಕ್ಯಾಶ್ ಕ್ಲಿಯರ್ ಮಾಡಬೇಕಂತೆ.